ಎಲೆಯಂಚಿನ ತುತ್ತು

ಮುಂಬಯಿಯ ಮಾಟುಂಗಾ ನಿಲ್ದಾಣದ ಪೂರ್ವಕ್ಕೆ ಇಳಿದು, ಹೂವಿನ ಅಂಗಡಿಗಳ ಸಾಲನ್ನು ದಾಟಿ ಮಾರುಕಟ್ಟೆಯ ಕಡೆಗೆ ತಿರುಗುವಲ್ಲಿ, ಒಂದು ದೇವಸ್ಥಾನದ ಹೊರಗೋಡೆಗೆ ಒತ್ತಿ ಕಟ್ಟಿದ ಕೆಂದು ಬಣ್ಣದ ಹಸುವನ್ನು ನಾನು ಹನ್ನೊಂದು ವರ್ಷಗಳಿಂದ ನೋಡುತ್ತಿದ್ದೇನೆ. ಈ ಅವಧಿಯಲ್ಲಿ ಹಸು ಮೂರು ಬಾರಿ ಬದಲಾಗಿದೆ. ಬದಲಾಗದೆ ಉಳಿದವರು ಅದರ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಕೂರುವ ಹೆಂಗಸು. ಒಂಬತ್ತು ಗಜದ ಸೀರೆ, ಹಣೆಯಲ್ಲಿ ಕಾಸಿನಗಲದ ಕುಂಕುಮ, ಎದುರಿಗೆ ಹಸಿಹುಲ್ಲಿನ ಸೂಡಿಗಳು, ಒಂದು ಸ್ಟೀಲಿನ ತಟ್ಟೆಯಲ್ಲಿ ಹೊಟ್ಟು, ಬೆಲ್ಲ ಸೇರಿಸಿ ಕಟ್ಟಿದ ಉಂಡೆಗಳು, ಬೆನ್ನ ಹಿಂದೆ ಒಂದು ಬಕೆಟ್ಟು ಮತ್ತು ಒಂದು ಗಿಡ್ಡ ಪೊರಕೆ. ನಾನು ಅವರನ್ನು ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಂದು ಕರೆಯುತ್ತೇನೆ. ದಕ್ಷಿಣದಿಂದ ಬಂದವರನ್ನೆಲ್ಲ ಈ ಊರು ಕರೆಯುವ ಹಾಗೆ ಅವರು ನನ್ನನ್ನು ಅಣ್ಣಾ ಎನ್ನುತ್ತಾರೆ.

ಬೆಳಗಿನ ಎಂಟರಿಂದ ಹತ್ತರವರೆಗೆ ಅಲ್ಲಿ ನಡೆಯುವುದನ್ನು ನಿಂತು ನೋಡಿದರೆ ಈ ನಗರದ ಭಕ್ತಿ ಯಾವ ವೇಗದಲ್ಲಿ ಸಾಗುತ್ತದೆ ಎಂಬುದು ತಿಳಿಯುತ್ತದೆ. ರೈಲು ಹಿಡಿಯಲು ಓಡುವವರು ಒಂದು ಕ್ಷಣ ತಡೆದು ಹಸುವಿನ ಬೆನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಶಾಲೆಯ ಸಮವಸ್ತ್ರದ ಮಕ್ಕಳನ್ನು ತಾಯಂದಿರು ಎತ್ತಿ ಹಿಡಿದು ಹುಲ್ಲಿನ ಒಂದು ಎಸಳನ್ನು ಅವರ ಕೈಯಿಂದ ತಿನ್ನಿಸುತ್ತಾರೆ. ಕೆಲವರು ಕಿವಿಯಿಂದ ಮೊಬೈಲ್ ತೆಗೆಯದೆಯೇ ಹತ್ತು ರೂಪಾಯಿಯ ನೋಟು ಚಾಚುತ್ತಾರೆ; ಅವರ ಪರವಾಗಿ ಮಾವಶಿಯೇ ಒಂದು ಸೂಡಿ ಬಿಚ್ಚಿ ಹಸುವಿನ ಮುಂದೆ ಹಾಕುತ್ತಾರೆ. ಕೊಟ್ಟವರು ಅಷ್ಟು ಹೊತ್ತಿಗೆ ತಿರುವನ್ನು ದಾಟಿರುತ್ತಾರೆ, ಹಸು ತಿಂದಿತೋ ಇಲ್ಲವೋ ನೋಡುವ ವ್ಯವಧಾನ ಅವರಿಗಿರುವುದಿಲ್ಲ.

ಇದನ್ನು ಬೂಟಾಟಿಕೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಎಂಟೂಮುಕ್ಕಾಲರ ಲೋಕಲ್ ತಪ್ಪಿದರೆ ದಿನವಿಡೀ ಹಳಿ ತಪ್ಪುವ ಜೀವನದಲ್ಲಿ, ಒಂದು ಪ್ರಾಣಿಯ ಎದುರು ಅರ್ಧ ನಿಮಿಷ ನಿಲ್ಲುವುದು ಸಣ್ಣ ಮಾತಲ್ಲ. ಆದರೂ ಪ್ರತಿ ಸಲ ಅಲ್ಲಿ ನಿಂತಾಗ ನನಗೊಂದು ಕೊರತೆ ಕಾಣುತ್ತಿತ್ತು, ಮತ್ತು ಆ ಕೊರತೆಯ ಹೆಸರು ಏನೆಂದು ಹೇಳಲು ಬಹಳ ಕಾಲ ತಿಳಿಯಲಿಲ್ಲ.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮಲ್ಲಿ ದನಕರುಗಳಿಗೆ ಗಂಟಿ ಎನ್ನುತ್ತಾರೆ, ಅವುಗಳ ಕೊಟ್ಟಿಗೆಗೆ ಹಟ್ಟಿ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹತ್ತು ಹೆಜ್ಜೆಯ ಆಚೆಗೆ ಹಟ್ಟಿ ಇತ್ತು. ಅಕ್ಕಿ ತೊಳೆದ ನೀರು, ಅಂದರೆ ಅಕ್ಕಚ್ಚು, ಚರಂಡಿಗೆ ಹೋದ ನೆನಪೇ ನನಗಿಲ್ಲ. ಅದು ನೇರವಾಗಿ ಗಂಟಿಗಳು ಕುಡಿಯುವ ಬಾನಿ ಎಂಬ ದೊಡ್ಡ ಪಾತ್ರೆಗೆ ಹೋಗುತ್ತಿತ್ತು. ಹಲಸಿನ ಸಿಪ್ಪೆ, ಬಾಳೆಯ ದಿಂಡಿನ ಹೊರಪದರ, ಸೌತೆಯ ತಿರುಳು, ಎಲ್ಲಕ್ಕೂ ಅದೇ ದಾರಿ. ಅಮ್ಮ ಎಲೆಯ ಮುಂದೆ ಕೂರುವ ಮೊದಲು ಒಂದು ಹಿಡಿ ಅನ್ನವನ್ನು ಪ್ರತ್ಯೇಕವಾಗಿ ತೆಗೆದಿಟ್ಟು, ಅದಕ್ಕೆ ಒಂದಿಷ್ಟು ಸಾರು ಸಹ ಬಿಟ್ಟು, ಊಟವಾದ ಮೇಲೆ ಹಟ್ಟಿಗೆ ಒಯ್ಯುತ್ತಿದ್ದರು. ಗೋಗ್ರಾಸ ಎಂಬ ಶಬ್ದ ಅವರಿಗೆ ಗೊತ್ತಿತ್ತು, ಆದರೆ ಅವರು ಅದನ್ನು ಬಳಸುತ್ತಿರಲಿಲ್ಲ. "ಗೌರಿಯ ಪಾಲು" ಎಂದಷ್ಟೇ ಹೇಳುತ್ತಿದ್ದರು. ಗೌರಿ ಎಂಬುದು ನಮ್ಮ ಹಸುವಿನ ಹೆಸರು.

ದೀಪಾವಳಿಯ ಗೋಪೂಜೆಯ ದಿನ ಜೇಡಿಮಣ್ಣು ಕದಡಿದ ನೀರಿನಲ್ಲಿ ಪಾವಿನ ಬಾಯಿಯನ್ನು ಅದ್ದಿ ಗಂಟಿಗಳ ಮೈಮೇಲೆಲ್ಲ ದುಂಡು ಅಚ್ಚುಗಳನ್ನು ಒತ್ತುವ ಕೆಲಸ ಮಕ್ಕಳದಾಗಿತ್ತು. ಚೆಂಡು ಹೂವಿನ ಮಾಲೆ ಹಾಕಿ, ಕಡುಬು ಮತ್ತು ಬಾಳೆಹಣ್ಣು ತಿನ್ನಿಸಿ, ಆರತಿ ಎತ್ತಿ ಕೈಮುಗಿಯುತ್ತಿದ್ದೆವು. ಮಾರನೆಯ ಬೆಳಿಗ್ಗೆ ಐದೂವರೆಗೆ ಅದೇ ಅಮ್ಮ ಅದೇ ಹಟ್ಟಿಯಲ್ಲಿ ಸೊಂಟ ಬಗ್ಗಿಸಿ ಸೆಗಣಿ ಎತ್ತುತ್ತಿದ್ದರು. ಹಸು ಕಾಲು ಕೊಡವಿದರೆ ಬೈಯುತ್ತಿದ್ದರು, ಕೆಚ್ಚಲು ಬಾತುಕೊಂಡರೆ ರಾತ್ರಿಯೆಲ್ಲ ಬಿಸಿನೀರಿನ ಶಾಖ ಕೊಡುತ್ತಿದ್ದರು. ಪೂಜೆಗೂ ಬೈಗುಳಕ್ಕೂ ಸೆಗಣಿಗೂ ಬೇರೆ ಬೇರೆ ಜನ ಇರಲಿಲ್ಲ.

ನನಗೆ ಕಾಣುತ್ತಿದ್ದ ಕೊರತೆಯ ಹೆಸರು ಅಮ್ಮನ ಆ ಮಾತಿನಲ್ಲೇ ಇತ್ತು. ಪಾಲು. ಪ್ರಾಣಿಗಳಿಗೆ ನಮ್ಮ ಸಂಪ್ರದಾಯವು ಕೊಟ್ಟದ್ದು ಪೂಜೆಗಿಂತ ಮೊದಲು ಪಾಲು. ಗೃಹಸ್ಥನು ದಿನವೂ ಮಾಡಬೇಕಾದ ಐದು ಮಹಾಯಜ್ಞಗಳನ್ನು ಧರ್ಮಶಾಸ್ತ್ರಗಳು ಹೇಳುತ್ತವೆ: ಬ್ರಹ್ಮ, ದೇವ, ಪಿತೃ, ಮನುಷ್ಯ ಮತ್ತು ಭೂತಯಜ್ಞ. ಕೊನೆಯದೆಂದರೆ ತನ್ನ ಅಡುಗೆಯಲ್ಲಿ ಒಂದು ಭಾಗವನ್ನು ಮಿಕ್ಕ ಜೀವಿಗಳಿಗೆ ಎತ್ತಿಡುವುದು. ಶ್ರಾದ್ಧದ ದಿನ ಇಡುವ ಪಂಚಬಲಿಯಲ್ಲಿ ಹಸು, ನಾಯಿ, ಕಾಗೆ, ದೇವತೆಗಳು ಮತ್ತು ಇರುವೆಗಳು ಒಂದೇ ಸಾಲಿನಲ್ಲಿ ಬರುತ್ತವೆ. ಇರುವೆಗೆ ಯಾರೂ ಆರತಿ ಎತ್ತುವುದಿಲ್ಲ, ಆದರೆ ಅದಕ್ಕೂ ಎಲೆಯಂಚಿನಲ್ಲಿ ಒಂದು ತುತ್ತು ಇದೆ. ನಮ್ಮ ಹಸಿವಿನಿಂದ ಒಂದಿಷ್ಟನ್ನು ಕಡಿಮೆ ಮಾಡಿ ಕೊಡುವುದು ಪಾಲು. ಅದನ್ನು ಕೊಂಡು ಕೊಡಲು ಬರುವುದಿಲ್ಲ.

ಮಹಾರಾಷ್ಟ್ರದ ಹೆಣ್ಣುಮಕ್ಕಳು ಈ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು ಎಂಬುದು ನನಗೆ ವಸುಬಾರಸದ ದಿನ ತಿಳಿಯಿತು. ಆಶ್ವಯುಜ ಬಹುಳ ದ್ವಾದಶಿಯ ದಿನ, ದೀಪಾವಳಿಯ ಬಾಗಿಲಲ್ಲಿ ಬರುವ ಈ ಹಬ್ಬಕ್ಕೆ ಕರುವಿರುವ ಹಸುವೇ ಆಗಬೇಕು. ಅಂದು ಮಾವಶಿ ಎಲ್ಲಿಂದಲೋ ಒಂದು ಕರುವನ್ನೂ ಹೊಂದಿಸಿ ತರುತ್ತಾರೆ. ಸಂಜೆ ನಮ್ಮ ಕಟ್ಟಡದ ಹೆಂಗಸರು ಆರತಿಯ ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ವ್ರತ ಹಿಡಿದವರು ಆ ದಿನ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ, ಗೋಧಿಯನ್ನೂ ತಿನ್ನುವುದಿಲ್ಲ. ಸಜ್ಜೆಯ ಭಾಕರಿ, ಅಂದರೆ ರೊಟ್ಟಿ, ಮತ್ತು ಗೋರಿಕಾಯಿಯ ಪಲ್ಯವೇ ಊಟ. "ಇವತ್ತಿನ ಹಾಲು ಕರುವಿನದು" ಎಂದು ನಮ್ಮ ಪಕ್ಕದ ಮನೆಯ ಆಜಿ ನನ್ನ ಹೆಂಡತಿಗೆ ವಿವರಿಸಿದಾಗ, ಕುಂದಾಪುರದ ಹಟ್ಟಿಯಲ್ಲಿ ಕೇಳಿದ ಮಾತನ್ನೇ ಇನ್ನೊಂದು ಭಾಷೆಯಲ್ಲಿ ಕೇಳಿದಂತಾಯಿತು.

ಮಾವಶಿಯ ಹಸು ಅವರ ಸ್ವಂತದ್ದಲ್ಲ. ಮುಂಬಯಿಯ ಎಮ್ಮೆ ತಬೇಲಗಳನ್ನು, ಅಂದರೆ ಕೊಟ್ಟಿಗೆಗಳನ್ನು, ಊರ ಹೊರಗೆ ಸಾಗಿಸಲೆಂದು 1949ರಲ್ಲಿ ಆರೇ ಮಿಲ್ಕ್ ಕಾಲನಿ ಸ್ಥಾಪನೆಯಾದರೂ, ನಗರದ ಸಂದುಗಳಲ್ಲಿ ಸಣ್ಣಪುಟ್ಟ ತಬೇಲಗಳು ಉಳಿದುಕೊಂಡವು. ಅಂಥ ಒಂದರಿಂದ, ಬೆಳಗಿನ ಹಾಲು ಕರೆದ ಮೇಲೆ, ದಿನದ ಬಾಡಿಗೆಗೆ ಅವರು ಹಸುವನ್ನು ತರುತ್ತಾರೆ. ಸಂಜೆಯ ಹಾಲಿನ ಹೊತ್ತಿಗೆ ಹಿಂದಿರುಗಿಸಬೇಕು. ಹಗಲು ಹೊತ್ತಿನ ಮೇವಿನ ಖರ್ಚು ಮಾಲೀಕನಿಗೆ ಉಳಿಯುತ್ತದೆ. ಬಾಡಿಗೆ ಮತ್ತು ಹುಲ್ಲಿನ ಬೆಲೆ ಕಳೆದು ಮಿಕ್ಕಿದ್ದು ಮಾವಶಿಗೆ. ಮಳೆಗಾಲದಲ್ಲಿ ಜನ ನಿಲ್ಲುವುದಿಲ್ಲವಾದ್ದರಿಂದ ಬಾಡಿಗೆಯೂ ಹುಟ್ಟದ ದಿನಗಳಿರುತ್ತವೆ. ಮಹಾನಗರಪಾಲಿಕೆಯ ಗಾಡಿ ಬಂದರೆ ಹಸುವಿನ ಹಗ್ಗ ಬಿಚ್ಚಿಕೊಂಡು ಗಲ್ಲಿಯೊಳಗೆ ಸೇರಬೇಕು. ಸೆಗಣಿ ಬಿದ್ದ ಕೂಡಲೇ ಎತ್ತಿ ಬಕೆಟ್ಟಿಗೆ ಹಾಕದಿದ್ದರೆ ಬೆಳಿಗ್ಗೆ ಕೈಮುಗಿದವರೇ ಮಧ್ಯಾಹ್ನ ಗದರುತ್ತಾರೆ.

ಅವರೊಡನೆ ಒಮ್ಮೆ ಉಂಡೆಯ ವಿಷಯಕ್ಕೆ ಮಾತು ಬಂತು. ಹುಣ್ಣಿಮೆ, ಸಂಕ್ರಾಂತಿ, ಏಕಾದಶಿಗಳಂದು ಜನರು ಹುಲ್ಲಿನ ಬದಲು ಉಂಡೆಯನ್ನೇ ಕೇಳುತ್ತಾರೆ, ಕೆಲವರು ಮನೆಯಿಂದ ಚಪಾತಿ, ಬೂಂದಿ, ಹೋಳಿಗೆ ತರುತ್ತಾರೆ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು; ಮೊದಲ ದೊಡ್ಡ ಕೋಣೆಯಲ್ಲಿ ಸೂಕ್ಷ್ಮಾಣುಗಳು ನಾರನ್ನು ನಿಧಾನವಾಗಿ ಕೊಳೆಸಿ ಜೀರ್ಣಕ್ಕೆ ಸಿದ್ಧಮಾಡುತ್ತವೆ. ಅಲ್ಲಿಗೆ ಒಮ್ಮೆಲೇ ಹಿಟ್ಟು, ಸಕ್ಕರೆ, ಧಾನ್ಯ ತುಂಬಿದರೆ ಹುಳಿ ಹೆಚ್ಚಿ ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಪ್ರಾಣಕ್ಕೇ ಅಪಾಯ ಬರುವುದೂ ಉಂಟು. ಮಾವಶಿಗೆ ಈ ವಿಜ್ಞಾನದ ಮಾತುಗಳ ಅಗತ್ಯವಿರಲಿಲ್ಲ. "ಪುಣ್ಯ ಬೇಕಾದದ್ದು ಅವರಿಗೆ, ಹೊಟ್ಟೆನೋವು ಇವಳಿಗೆ, ಅಣ್ಣಾ" ಎಂದರು. ಹಬ್ಬದ ದಿನ ಹತ್ತು ಉಂಡೆಯಾದ ಮೇಲೆ ಅವರು ಬಂದವರ ಉಂಡೆಯನ್ನು ಹಸುವಿನ ಮೂತಿಗೆ ತಾಗಿಸಿ ಹಿಂದಕ್ಕೆ ತೆಗೆದಿಟ್ಟುಬಿಡುತ್ತಾರೆ. ಕೊಟ್ಟವರಿಗೆ ಇದು ಮೋಸದಂತೆ ಕಾಣಬಹುದು. ಹಸುವನ್ನು ಕಾಯುತ್ತಿರುವವರು ಅಲ್ಲಿ ಅವರೊಬ್ಬರೇ ಎಂದು ನನಗೆ ಆಗ ಅನಿಸಿತು.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮದುವೆಯಾದ ಹೊಸತರಲ್ಲಿ, ಉಳಿದ ಅನ್ನ ಮತ್ತು ತರಕಾರಿಯ ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿ, ಗಲ್ಲಿಯ ತುದಿಯಲ್ಲಿ ಬರುವ ದನಗಳಿಗೆಂದು ನಾನೇ ಇಟ್ಟುಬರುತ್ತಿದ್ದೆ. ಊರಿನ ಅಭ್ಯಾಸವನ್ನು ಉಳಿಸಿಕೊಂಡಿದ್ದೇನೆ ಎಂಬ ಸಮಾಧಾನವೂ ಇತ್ತು. ಗಂಟನ್ನು ಬಿಚ್ಚಲು ದನಕ್ಕೆ ಕೈಗಳಿಲ್ಲ ಎಂಬುದು ನನಗೆ ಹೊಳೆದದ್ದು, ಒಂದು ಬೆಳಿಗ್ಗೆ ಹಿಂದಿರುಗಿ ನೋಡಿದಾಗ, ಒಂದು ಬಿಳಿ ಹಸು ಆ ಚೀಲವನ್ನು ಅಡ್ಡಡ್ಡ ಜಗಿದು, ಕಣ್ಣು ಅರೆಮುಚ್ಚಿ, ಹಿಡಿಕೆಯ ಸಮೇತ ನುಂಗುತ್ತಿದ್ದುದನ್ನು ಕಂಡಾಗ. ಆ ಹಿಡಿಕೆಯ ಕೊನೆ ತುಟಿಯಿಂದ ಒಳಗೆ ಸರಿದು ಹೋದದ್ದು ಇಂದಿಗೂ ಕಣ್ಣ ಮುಂದಿದೆ. ನುಂಗಿದ ಪ್ಲಾಸ್ಟಿಕ್ ಆ ಮೊದಲ ಕೋಣೆಯಿಂದ ಮುಂದೆ ಸಾಗದೆ ಅಲ್ಲೇ ಕೂಡಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಹಾಗಿದ್ದು ಹಸು ಒಳಗಿಂದ ಬಡವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯರು ಒಂದೊಂದು ಹಸುವಿನಿಂದ ಹತ್ತಾರು ಕಿಲೋ ಗಂಟನ್ನು ಹೊರತೆಗೆದಿದ್ದಾರೆ. ಮಹಾರಾಷ್ಟ್ರದಲ್ಲಿ 2018ರಿಂದ ಇಂಥ ಚೀಲಗಳಿಗೆ ನಿಷೇಧವಿದೆ, ಆದರೂ ಮಾರುಕಟ್ಟೆಯಲ್ಲಿ ಕೊತ್ತಂಬರಿ ಇನ್ನೂ ಅದರಲ್ಲೇ ಬರುತ್ತದೆ. ಅಮ್ಮ ಪಾಲನ್ನು ಬಾನಿಗೆ ಸುರಿಯುವ ಮೊದಲು ಕೈಯಾಡಿಸಿ ಮುಳ್ಳು ಕಡ್ಡಿ ಇದೆಯೇ ಎಂದು ನೋಡುತ್ತಿದ್ದರು. ನಾನು ಪಾಲನ್ನು ಕೊಟ್ಟೆ, ಆ ಕೈಯಾಡಿಸುವುದನ್ನು ಬಿಟ್ಟೆ.

ಭುಲೇಶ್ವರದ ಪಾಂಜರಾಪೋಳ ಎಂಬ ಪ್ರಾಣಿಗಳ ಆಶ್ರಯತಾಣಕ್ಕೆ ನಾನು ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಬಳೆ, ಜರತಾರಿ, ಪೂಜಾಸಾಮಗ್ರಿಗಳ ಅಂಗಡಿಗಳ ಇಕ್ಕಟ್ಟಿನ ನಡುವೆ, ಮಾಧವಬಾಗಿನ ಲಕ್ಷ್ಮೀನಾರಾಯಣ ದೇವಸ್ಥಾನದ ಹತ್ತಿರ, ನೂರಾರು ಹಸುಗಳು ಸಾಲಾಗಿ ಕಟ್ಟಿದ ಕೊಟ್ಟಿಗೆ ಇದೆ ಎಂದರೆ ಹೊಸಬರು ನಂಬುವುದಿಲ್ಲ. ಕಾಲ್ನಡಿಗೆಯಲ್ಲಿ ಹೋಗುವಾಗ ಮೊದಲು ಬರುವುದು ವಾಸನೆ. ಸೆಗಣಿ, ಗಂಜಲ, ಹಸಿಹುಲ್ಲು ಬೆರೆತ ಆ ವಾಸನೆ ನನ್ನನ್ನು ಒಂದೇ ಉಸಿರಿನಲ್ಲಿ ಊರಿಗೆ ತಲುಪಿಸುತ್ತದೆ. ಆದರೆ ಈ ಸಂಸ್ಥೆ ಹುಟ್ಟಿದ ಕಥೆ ಹಸುವಿನದಲ್ಲ, ನಾಯಿಯದು. 1832ರ ಜೂನ್ ತಿಂಗಳಲ್ಲಿ, ಬೀದಿನಾಯಿಗಳನ್ನು ಕೊಂದವರಿಗೆ ತಲೆಯೆಣಿಕೆಯ ಮೇಲೆ ಹಣ ಕೊಡುವ ಸರಕಾರಿ ಆಜ್ಞೆಯ ವಿರುದ್ಧ ಮುಂಬಯಿಯ ಕೋಟೆ ಪ್ರದೇಶದಲ್ಲಿ ದೊಡ್ಡ ಗಲಭೆಯಾಯಿತು. ಹಣದಾಸೆಗೆ ಸಿಪಾಯಿಗಳು ಮನೆಯಂಗಳದ ಸಾಕುನಾಯಿಗಳನ್ನೂ ಬಿಡುತ್ತಿರಲಿಲ್ಲ. ಶವದ ಎದುರು ನಾಯಿಯನ್ನು ತಂದು ನಿಲ್ಲಿಸುವ ಸಗ್‌ದೀದ್ ಎಂಬ ವಿಧಿಯುಳ್ಳ ಪಾರ್ಸಿಗಳು ಮುಂದೆ ನಿಂತರು, ಜೈನರೂ ಹಿಂದೂಗಳೂ ಕೂಡಿಕೊಂಡರು, ಅಂಗಡಿಗಳು ಮುಚ್ಚಿದವು, ಬ್ರಿಟಿಷರ ದಂಡಿಗೆ ಹೋಗುವ ದಿನಸಿ ನಿಂತಿತು. ಎರಡು ವರ್ಷಗಳ ನಂತರ, 1834ರಲ್ಲಿ, ಪಾರ್ಸಿ ವರ್ತಕ ಜಮ್‌ಶೇಟ್‌ಜೀ ಜೀಜೀಭಾಯಿ ಮತ್ತು ಜೈನ ವರ್ತಕರು ಸೇರಿ ಪಾಂಜರಾಪೋಳವನ್ನು ಕಟ್ಟಿದರು. ಕೊಲ್ಲಬೇಡಿ ಎಂದು ಬೀದಿಗಿಳಿದವರೇ, ಹಾಗಾದರೆ ಸಾಕುವವರು ಯಾರು ಎಂಬ ಪ್ರಶ್ನೆಗೂ ಹಣ ಮತ್ತು ಜಾಗ ಕೊಟ್ಟು ಉತ್ತರಿಸಿದರು ಎಂಬ ಕಾರಣಕ್ಕೆ ಈ ಕಥೆ ನನಗೆ ಬಹಳ ದೊಡ್ಡದು.

ಇಂದು ನಾಯಿಯ ಪ್ರಶ್ನೆ ಅಲ್ಲಿಂದ ಮುಂದೆ ಹೋಗಿಲ್ಲ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಎಂಬ ನಿಯಮ 2001ರಲ್ಲಿ ಬಂತು, 2023ರಲ್ಲಿ ಅದನ್ನು ಪರಿಷ್ಕರಿಸಿದರು; 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ನಾಯಿಗಳನ್ನೆಲ್ಲ ಹಿಡಿದಿಡಬೇಕೆಂದು ಆದೇಶಿಸಿ, ಹನ್ನೊಂದು ದಿನಗಳಲ್ಲಿ ಅದನ್ನು ಮಾರ್ಪಡಿಸಿದಾಗ ನಮ್ಮ ಕಟ್ಟಡದ ಸಭೆಯಲ್ಲೂ ಕೂಗಾಟ ನಡೆಯಿತು. ನಾಯಿ ಕಚ್ಚಿಸಿಕೊಂಡ ಮಗುವಿನ ತಂದೆ ಅಲ್ಲಿದ್ದರು, ಅವರ ಕೋಪವನ್ನು ನಾನು ಅಲ್ಲಗಳೆಯಲಾರೆ. ಅದೇ ಸಭೆ ನಡೆದ ಕೋಣೆಯ ಗೋಡೆಯ ಮೇಲೆ ದತ್ತಾತ್ರೇಯರ ಪಟ ತೂಗಿತ್ತು: ಹಿಂದೆ ಹಸು, ಪಾದದ ಬಳಿ ನಾಲ್ಕು ವೇದಗಳೆಂದು ಹೇಳುವ ನಾಲ್ಕು ನಾಯಿಗಳು. ಜೇಜುರಿಯ ಖಂಡೋಬನ ಜೊತೆಗೂ ನಾಯಿ ಇದೆ, ಅದೇ ದೇವರು ನಮ್ಮ ಕಡೆ ಮೈಲಾರಲಿಂಗನಾದಾಗ ಅವನ ಭಕ್ತರಾದ ಗೊರವರು ನಾಯಿಯಂತೆ ಬೊಗಳುತ್ತ, ದೋಣಿ ಎಂಬ ಪಾತ್ರೆಯಲ್ಲಿಟ್ಟದ್ದನ್ನು ತಿನ್ನುವ ದೋಣಿಸೇವೆ ಸಲ್ಲಿಸುತ್ತಾರೆ. ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನು ಜೊತೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆ ಎಂದದ್ದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಗಲ್ಲಿಯ ಏಳು ನಾಯಿಗಳನ್ನು ಲಸಿಕೆಗೆ ಹಿಡಿಸಲು ಎರಡು ಬೆಳಗಿನ ಜಾವ ಎದ್ದು ನಿಂತವನು ರಾತ್ರಿ ಪಾಳಿಯ ಕಾವಲುಗಾರ, ಬಿಹಾರದ ಹುಡುಗ. ಅವನು ತನ್ನ ರೊಟ್ಟಿಯಲ್ಲಿ ಅವಕ್ಕೆ ಪಾಲು ಕೊಡುತ್ತಾನಾದ್ದರಿಂದ ಅವು ಅವನ ಕೈಗೆ ಸಿಕ್ಕವು, ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲ.

ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದಲ್ಲಿ ಗಣಪತಿಯ ಎದುರು ಬೆಳ್ಳಿಯ ಮೂಷಿಕನಿದ್ದಾನೆ. ಭಕ್ತರು ಅವನ ಒಂದು ಕಿವಿಯಲ್ಲಿ ತಮ್ಮ ಬೇಡಿಕೆಯನ್ನು ಪಿಸುಗುಟ್ಟಿ, ಅದು ಆಚೆಯಿಂದ ಹೊರಗೆ ಹೋಗದಿರಲೆಂದು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಾರೆ. ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಮುನ್ನ ಹಾಗೆ ಪಿಸುಗುಟ್ಟಿದ್ದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಅದೇ ನಗರದಲ್ಲಿ, ಅದೇ ರಾತ್ರಿ, ಮಹಾನಗರಪಾಲಿಕೆಯ ಇಲಿ ಕೊಲ್ಲುವವರು ಕೋಲು ಮತ್ತು ಟಾರ್ಚು ಹಿಡಿದು ಮಾರುಕಟ್ಟೆಯ ಕತ್ತಲೆಯಲ್ಲಿ ನಡೆಯುತ್ತಿರುತ್ತಾರೆ. ರಾತ್ರಿಗೆ ಕನಿಷ್ಠ 30 ಇಲಿಗಳನ್ನು ಕೊಂದು ಲೆಕ್ಕ ಒಪ್ಪಿಸಬೇಕೆಂಬುದು ಆ ಕೆಲಸದ ನಿಯಮ. ಈ ನಗರಕ್ಕೆ ಇಲಿಯ ಭಯ ಸುಮ್ಮನೆ ಬಂದದ್ದಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅದನ್ನು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್. ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊರುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಕಿವಿಯಲ್ಲಿ ಪಿಸುಗುಟ್ಟುವುದೂ ಕೋಲಿನಿಂದ ಹೊಡೆಯುವುದೂ ಒಟ್ಟಿಗೆ ಇರಬಲ್ಲವು ಎಂಬುದನ್ನು ನಾನು ಒಪ್ಪಿಕೊಂಡಿದ್ದೇನೆ. ಒಪ್ಪಿಕೊಳ್ಳಲಾಗದ್ದು ಒಂದೇ: ನಾವು ಎಸೆದ ಕೊಳೆಯ ಮೇಲೆ ಬೆಳೆದ ಇಲಿಗಳನ್ನು ಕೊಲ್ಲುವ ಪಾಪವನ್ನು, ಹೆಸರೂ ತಿಳಿಯದ ಕೆಲವರಿಗೆ ರಾತ್ರಿಪಾಳಿಯಾಗಿ ಹಂಚಿಬಿಟ್ಟಿದ್ದೇವೆ.

ಹಾವಿನ ವಿಷಯದಲ್ಲಿ ಮಾತ್ರ ಕಾನೂನು ನಮ್ಮನ್ನು ತಿದ್ದಿತು. ನಾನು ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ನಾಗರಪಂಚಮಿಯ ದಿನ ಬುಟ್ಟಿಯಲ್ಲಿ ನಾಗರಹಾವನ್ನು ಹೊತ್ತ ಗಾರುಡಿಗರು ಕಟ್ಟಡದ ಅಂಗಳಕ್ಕೇ ಬರುತ್ತಿದ್ದರು, ಹೆಂಗಸರು ಬಟ್ಟಲಲ್ಲಿ ಹಾಲು ಇಡುತ್ತಿದ್ದರು. ಹಲ್ಲು ಕಿತ್ತ, ದಿನಗಟ್ಟಲೆ ನೀರು ಕಾಣದ ಆ ಜೀವಿ ಬಾಯಾರಿಕೆಗೆ ಹಾಲನ್ನು ಹೀರುತ್ತಿತ್ತು ಎಂಬುದು ನಮಗೆ ಆಗ ತಿಳಿದಿರಲಿಲ್ಲ. 1972ರ ವನ್ಯಜೀವಿ ಕಾಯಿದೆಯನ್ನು ಗಟ್ಟಿಯಾಗಿ ಜಾರಿಗೆ ತಂದ ಮೇಲೆ ಆ ಬುಟ್ಟಿಗಳು ನಿಂತವು. ನಮ್ಮ ಕರಾವಳಿಯವರು ತನು, ಅಂದರೆ ಹಾಲು, ಎರೆಯುವುದು ಕಲ್ಲಿಗೆ, ನಾಗಬನದಲ್ಲಿ. ಅಲ್ಲಿ ಒಂದು ಕಡ್ಡಿಯನ್ನೂ ಮುರಿಯಬಾರದು ಎಂಬ ಕಟ್ಟುಪಾಡಿತ್ತು. ಹಾವಿಗೆ ಕೊಟ್ಟ ಪಾಲು ಹಾಲಿಗಿಂತ ಹೆಚ್ಚಾಗಿ ಆ ಬನವೇ ಆಗಿತ್ತೆಂದು ನಾನು ತಿಳಿದಿದ್ದೇನೆ. ಈಗ ಊರಿಗೆ ಹೋದಾಗ ಬನಗಳನ್ನು ಕಡಿದು, ಟೈಲ್ಸ್ ಹಾಸಿ, ಸಿಮೆಂಟಿನ ಕಟ್ಟೆ ಕಟ್ಟಿಸಿ, ಅದಕ್ಕೆ ಮುಂಬಯಿಯಿಂದ ದುಡ್ಡು ಕಳಿಸಿದವರ ಹೆಸರು ಕೆತ್ತಿಸಿರುವುದನ್ನು ನೋಡುತ್ತೇನೆ. ಹೆಸರು ಕೆತ್ತಿಸಲಿ, ಆದರೆ ಮರಗಳನ್ನು ಉಳಿಸಬೇಕಿತ್ತು.

ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರಿನ ಕಬೂತರಖಾನೆಯನ್ನು 2025ರ ಜುಲೈ, ಆಗಸ್ಟಿನಲ್ಲಿ ಮುಚ್ಚಿಸಿದಾಗ ಎದ್ದ ಗದ್ದಲವನ್ನು ನಾನು ಹತ್ತಿರದಿಂದ ಕಂಡೆ. ಮೂಟೆಗಟ್ಟಲೆ ಜೋಳ, ಕಡಲೆ ಸುರಿಯುತ್ತಿದ್ದ ಜಾಗಕ್ಕೆ ಟಾರ್ಪಾಲಿನ್ ಹೊದಿಸಿದರು, ಜನ ಅದನ್ನು ಹರಿದರು. ಪಾರಿವಾಳದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ ಬರುತ್ತದೆ ಎಂಬುದು ವೈದ್ಯರು ಬಹಳ ಕಾಲದಿಂದ ಹೇಳುತ್ತಿರುವ ಮಾತು. ಪಾಲಿಗೆ ಒಂದು ಅಳತೆ ಇರುತ್ತದೆ. ಎಲೆಯಂಚಿನ ತುತ್ತು ಒಂದು ತುತ್ತೇ, ಮೂಟೆ ಅಲ್ಲ. ಆ ಅಳತೆಯನ್ನು ಮರೆತದ್ದರಿಂದ ಹಕ್ಕಿಗೂ ಮನುಷ್ಯನಿಗೂ ಕೇಡಾಯಿತು ಎಂದು ನಾನು ಹೇಳಿದಾಗ ಹತ್ತಿರದ ಸ್ನೇಹಿತರೊಬ್ಬರು ಕೆಲವು ದಿನ ಮಾತು ಬಿಟ್ಟಿದ್ದರು.

ಅಮ್ಮ ತಮ್ಮ ಕೊನೆಯ ಆರು ವರ್ಷಗಳನ್ನು ನಮ್ಮೊಡನೆ ಮೂರನೆಯ ಮಹಡಿಯ ಮನೆಯಲ್ಲಿ ಕಳೆದರು. ಗೌರಿಯ ವಂಶದ ಕೊನೆಯ ಹಸುವನ್ನು ಊರಿನಲ್ಲಿ ದೂರದ ಸಂಬಂಧಿಕರಿಗೆ ಒಪ್ಪಿಸಿ ಬಂದಿದ್ದ ಅವರಿಗೆ ಅಡುಗೆಮನೆಯಲ್ಲಿ ಅಕ್ಕಚ್ಚನ್ನು ಸಿಂಕಿಗೆ ಸುರಿಯುವುದು ಕಷ್ಟವಾಗುತ್ತಿತ್ತು. ಬಹಳ ದಿನ ಅದನ್ನು ತುಳಸಿಗೆ ಹಾಕುತ್ತಿದ್ದರು. ಎರಡು ತಿಂಗಳೊಳಗೆ ಅವರು ಒಂದು ಕಾಗೆಯನ್ನು ಕಂಡುಕೊಂಡರು. ಬೆಳಿಗ್ಗೆ ಎಂಟಕ್ಕೆ, ಮೊದಲ ದೋಸೆ ಕಾವಲಿಯಿಂದ ಎದ್ದ ಕೂಡಲೇ, ಅದರ ಅಂಚನ್ನು ಮುರಿದು ಕಿಟಕಿಯ ಸರಳಿನ ಆಚೆ ಇಟ್ಟು "ಕಾ, ಕಾ" ಎನ್ನುತ್ತಿದ್ದರು. ಎಡಗಾಲಿನ ಒಂದು ಬೆರಳಿಲ್ಲದ ಕಾಗೆ ಅದು. ಮೊದಲು ತಲೆ ಓರೆಮಾಡಿ ಅಮ್ಮನನ್ನು ನೋಡುತ್ತಿತ್ತು, ಆಮೇಲೆ ಚೂರನ್ನು ಕೊಕ್ಕಿನಲ್ಲಿ ಕಚ್ಚಿ, ಎದುರಿನ ಎಸಿಯ ಡಬ್ಬದ ಮೇಲೆ ಕೂತು, ಕಾಲಿನಿಂದ ಒತ್ತಿಹಿಡಿದು ಹರಿದು ತಿನ್ನುತ್ತಿತ್ತು. ಒಂದು ದಿನ ಅಮ್ಮ ಜ್ವರದಿಂದ ಏಳದಿದ್ದಾಗ ಅದು ಸರಳನ್ನು ಕೊಕ್ಕಿನಿಂದ ಕುಟ್ಟಿತು. "ಅದರ ಪಾಲು ಕೊಡು ಮಗಾ, ಕೇಳ್ತಾ ಇದೆ" ಎಂದು ಅವರು ಮಲಗಿದಲ್ಲಿಂದಲೇ ಹೇಳಿದರು.

ಅವರು ತೀರಿಕೊಂಡ ಮೇಲೆ ವಾಲ್ಕೇಶ್ವರದ ಬಾಣಗಂಗೆಗೆ ಹೋದೆವು. ಶಿಲಾಹಾರರ ಕಾಲದ್ದೆಂದು ಹೇಳುವ ಆ ಕೆರೆಯ ಮೆಟ್ಟಿಲುಗಳ ಮೇಲೆ ಕೂತು, ಸುತ್ತಲಿನ ಎತ್ತರದ ಕಟ್ಟಡಗಳ ನೆರಳಿನಲ್ಲಿ, ಭಟ್ಟರು ಹೇಳಿದಂತೆ ಪಿಂಡವಿಟ್ಟು ಕೈಮುಗಿದು ಕಾದೆವು. ಇಲ್ಲಿಯವರು ಕಾಗೆ ಮುಟ್ಟುವುದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಹೋದವರ ಆಸೆ ಏನಾದರೂ ಉಳಿದಿದ್ದರೆ ಕಾಗೆ ಬರುವುದಿಲ್ಲ ಎನ್ನುತ್ತಾರೆ. ಕಾಗೆಗಳೇನೋ ಗೋಡೆಯ ತುಂಬ ಇದ್ದವು. ಆದರೆ ಬೆಳಗಿನಿಂದ ಹಲವು ಮನೆಯವರ ಪಿಂಡ ತಿಂದು ಅವುಗಳ ಹೊಟ್ಟೆ ತುಂಬಿತ್ತು. ಭಾವ ಅಮ್ಮನ ಒಂದೊಂದು ಆಸೆಯನ್ನು ನೆನೆದು ಜೋರಾಗಿ ಮಾತು ಕೊಟ್ಟರು: ಊರಿನ ಮನೆಯ ಮಾಡು ಹೊದಿಸುತ್ತೇವೆ, ಚಿಕ್ಕಮ್ಮನನ್ನು ನೋಡಿಕೊಳ್ಳುತ್ತೇವೆ, ಹಸುವನ್ನು ಮಾರಲು ಬಿಡುವುದಿಲ್ಲ. ಮುಕ್ಕಾಲು ಗಂಟೆಯ ನಂತರ ಭಟ್ಟರು ದರ್ಭೆಯಿಂದ ಕಾಗೆಯ ಆಕಾರ ಮಾಡಿ ಮುಟ್ಟಿಸಿದರು. ಶಾಸ್ತ್ರಕ್ಕೆ ಅದು ಸಾಕು. ಅಕ್ಕ ಮಾತ್ರ ಹಿಂತಿರುಗಿ ಬರುವಾಗ ಕಾರಿನಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಬೆರಳಿಲ್ಲದ ಕಾಗೆ ಆಮೇಲೂ ಎಂಟಕ್ಕೆ ಬರುತ್ತಿತ್ತು. ಅದು ಅಮ್ಮನನ್ನು ಹುಡುಕಿತೋ ದೋಸೆಯನ್ನು ಹುಡುಕಿತೋ ಎಂದು ನಾನು ಕೇಳಿಕೊಳ್ಳಲಿಲ್ಲ. ಹೆಂಡತಿ ಮೊದಲ ದೋಸೆಯ ಅಂಚನ್ನು ಮುರಿದಿಡುತ್ತಾಳೆ. ಅಮ್ಮನ ಹಾಗೆ ಕೂಗಲು ಅವಳಿಗೆ ಸಂಕೋಚ, ಕಿಟಕಿಯ ಸರಳಿಗೆ ಚಮಚದಿಂದ ಎರಡು ಬಾರಿ ತಟ್ಟುತ್ತಾಳೆ.

ಕಳೆದ ಮಳೆಗಾಲದ ಒಂದು ಸಂಜೆ ಮಾಟುಂಗಾದಲ್ಲಿ ಇಳಿದಾಗ ಮಳೆ ಜೋರಾಗಿ ಹಿಡಿಯಿತು. ಹೂವಿನ ಅಂಗಡಿಯ ತಗಡಿನ ಕೆಳಗೆ ನಿಂತೆ. ಎದುರಿಗೆ ಮಾವಶಿ ಹಸುವಿನ ಬೆನ್ನಿಗೆ ನೀಲಿ ಪ್ಲಾಸ್ಟಿಕ್ ಹೊದಿಸಿ, ತಾವು ಗೋಣಿಯ ಕೊಪ್ಪೆ ಹಾಕಿಕೊಂಡು ಗೋಡೆಗೆ ಒರಗಿದ್ದರು. ಅಂದು ಗಿರಾಕಿಗಳು ಇರಲಿಲ್ಲ, ಹುಲ್ಲಿನ ಸೂಡಿಗಳು ಹಾಗೇ ಉಳಿದಿದ್ದವು, ಅವನ್ನೆಲ್ಲ ಬಿಚ್ಚಿ ಹಸುವಿನ ಮುಂದೆ ಹರಡಿದ್ದರು. ಹಸು ತಿಂದು ಸಾಕಾಗಿ ಮೆಲುಕು ಹಾಕುತ್ತಿತ್ತು. ಅವರು ಸೆರಗಿನ ಗಂಟಿನಿಂದ ಬಟ್ಟೆ ಸುತ್ತಿದ ಎರಡು ಭಾಕರಿಗಳನ್ನು ತೆಗೆದರು. ಮೇಲಿನದನ್ನು ಮುರಿದು, ಮೊದಲ ಚೂರನ್ನು ಅಂಗೈಯಲ್ಲಿಟ್ಟು ಹಸುವಿನ ಮೂತಿಯ ಹತ್ತಿರ ಹಿಡಿದರು. ಹಸು ಮೆಲುಕು ನಿಲ್ಲಿಸಿ, ನಾಲಗೆ ಚಾಚಿ, ಅಂಗೈಯನ್ನು ಪೂರ್ತಿ ನೆಕ್ಕಿ ತೆಗೆದುಕೊಂಡಿತು. ಆಮೇಲೆ ಅವರು ಉಪ್ಪು, ಹಸಿಮೆಣಸಿನ ಜೊತೆ ತಮ್ಮ ಊಟ ಶುರುಮಾಡಿದರು.

ಮಳೆ ಸ್ವಲ್ಪ ಇಳಿದ ಮೇಲೆ ರಸ್ತೆ ದಾಟಿ ಹೋಗಿ, ಬೆಳಗಿನಿಂದ ಹುಲ್ಲು ತಿನ್ನುತ್ತಲೇ ಇದೆಯಲ್ಲ ಮಾವಶಿ, ಅದಕ್ಕೆ ಹಸಿವೆಲ್ಲಿ ಎಂದು ಕೇಳಿದೆ. ಅವರು ಬಕೆಟ್ಟಿನ ನೀರಿನಲ್ಲಿ ಕೈ ತೊಳೆಯುತ್ತ, "ಅದು ಜನರದ್ದು, ಅಣ್ಣಾ. ಇದು ನನ್ನದು" ಎಂದರು. ಸೆಗಣಿಯ ಬಕೆಟ್ಟನ್ನು ಒಂದು ಕೈಯಲ್ಲಿ, ಹಗ್ಗವನ್ನು ಇನ್ನೊಂದರಲ್ಲಿ ಹಿಡಿದು, ಬಸ್ಸುಗಳ ಹಾರ್ನಿನ ನಡುವೆ ರಸ್ತೆಯ ಅಂಚು ಹಿಡಿದು ತಬೇಲದ ಕಡೆಗೆ ನಡೆದರು. ಹಾಲು ಕರೆಯುವ ಹೊತ್ತಾಗಿತ್ತು.